ಕಡೆಯ ಮಡಿ ಅಗೆಯುವ ಮೊದಲು

ನಮ್ಮ ಮುಖ ಕಂಡರೆ ಬೇರಿನ ಬೆಲೆ ಬೀಳುತ್ತದಂತೆ.

ಈ ಮಾತನ್ನು ಡ್ವೇನ್ ಜಾಸ್ಟ್ರೋ ತನ್ನ ಬಾಯಿಂದ ಹೇಳಲಿಲ್ಲ. ಧಣಿಗಳು ಇಂಥದ್ದನ್ನು ತಾವೇ ಹೇಳುವುದಿಲ್ಲ. ನಮ್ಮವನ ಬಾಯಿಂದ ಹೇಳಿಸುತ್ತಾರೆ. ಬೆಳಿಗ್ಗೆ ಜಿನ್ಸೆಂಗ್ ತೋಟದ ಗೇಟಿನ ಮುಂದೆ ನಾವೆಲ್ಲ ಬೂಟು ಬಿಗಿಯುತ್ತಿದ್ದಾಗ ಮೇಸ್ತ್ರಿ ವಾಮೆಂಗ್ ಚಿಕ್ಕಪ್ಪ ಬಂದು ಕೈ ಉಜ್ಜಿಕೊಳ್ಳುತ್ತಾ ನಿಂತ.

"ಇವತ್ತು ಹಾಂಗ್‌ಕಾಂಗಿನ ವ್ಯಾಪಾರಿಗಳು ಬರ್ತಾರೆ ಕಣ್ರಪ್ಪಾ. ಅವರು ಹೋಗೋ ತನಕ ಎಲ್ಲಾರೂ ಒಣಗಿಸೋ ಕೊಟ್ಟಿಗೇಲಿ ಕೂತಿರಿ. ಬಾಗಿಲು ಹಾಕ್ಕೊಂಡು."

"ಯಾಕೆ? ನಮಗೇನು ಸಿಡುಬು ಎದ್ದಿದೆಯಾ?" ಎಂದೆ.

"ನಿನಗೆ ನಾಲಿಗೆ ಮೇಲೆ ಎದ್ದಿದೆ, ಸುಮ್ನಿರು. ಅವರು ಬರೋದು ವಿಸ್ಕಾನ್ಸಿನ್ ಮಾಲು ಅಂತ. ಇಲ್ಲಿ ನೋಡಿದ್ರೆ ಎಲ್ಲಾ ಕರಿಗೂದಲು. ಇವನು ಚೀನಾದಿಂದ ಬೇರು ತರಿಸಿ ಇಲ್ಲಿ ಮಣ್ಣು ಮೆತ್ತಿ ಮಾರ್ತಾನೆ ಅಂದ್ಕೊಂಡ್ರೆ? ಹಂಗೆ ಮಾಡೋರೂ ಇದ್ದಾರೆ ಮಗಾ. ಡ್ವೇನ್‌ಗೆ ಅದೇ ಭಯ."

"ಚಿಕ್ಕಪ್ಪಾ, ಬರೋರೇ ಚೀನಾ ಕಡೆಯವರು. ಅವರದೂ ಕರಿಗೂದಲೇ."

"ಕೊಳ್ಳೋರ ಕೂದಲು ಬೇರೆ, ಅಗೆಯೋರ ಕೂದಲು ಬೇರೆ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಾವು ಹ್ಮಾಂಗ್ ಜನ. ಚೀನಾದಿಂದ ನಮ್ಮನ್ನು ಅಟ್ಟಿ ಎಷ್ಟೋ ತಲೆಮಾರಾಯಿತು. ಆಮೇಲೆ ಲಾವೋಸಿನ ಬೆಟ್ಟಗಳಿಂದಲೂ ಅಟ್ಟಿದರು. ನಾನು, ಯೆಂಗ್ ಖಾಂಗ್, ಹುಟ್ಟಿದ್ದು ಇಲ್ಲೇ ವಿಸ್ಕಾನ್ಸಿನ್ನಿನ ವಾಸಾ ಊರಿನ ಆಸ್ಪತ್ರೆಯಲ್ಲಿ. ಡ್ವೇನ್ ಹುಟ್ಟಿದ್ದೂ ಅದೇ ಆಸ್ಪತ್ರೆಯಲ್ಲಿ. ಅವನ ಮುಖ ವಿಸ್ಕಾನ್ಸಿನ್ ಮಾಲು. ನನ್ನದು ಕಲಬೆರಕೆ.

ಹೈಸ್ಕೂಲು ನಾನು ಮುಗಿಸಲಿಲ್ಲ. ಮಂಡಿಯೂರುವ ಕೆಲಸಕ್ಕೆ ಸರ್ಟಿಫಿಕೇಟು ಯಾರೂ ಕೇಳುವುದಿಲ್ಲ. ಜಿನ್ಸೆಂಗ್ ಎಂದರೆ ಚೀನಾದವರು ಮೈಗೆ ಶಕ್ತಿಯೆಂದು ಸೂಪಿನಲ್ಲಿ ಕುದಿಸುವ ಬೇರು. ಅದರ ಮಡಿಯ ಮೇಲೆ ಹುಲ್ಲು ಹೊದಿಸಿರುತ್ತಾರೆ. ಆ ಹುಲ್ಲಿನ ನಡುವೆ ಎದ್ದ ಕಳೆಯನ್ನು ಯಂತ್ರ ಕೀಳಲಾರದು. ಬೆರಳೇ ಬೇಕು. ಮೇಲೆ ಕಪ್ಪು ಬಲೆಯ ಚಪ್ಪರ, ಕೆಳಗೆ ಒದ್ದೆ ನೆಲ, ನಡುವೆ ಬೂಷ್ಟಿನ ಔಷಧಿಯ ನಾತ. ಬಿಸಿಲು ಬೇರಿಗೆ ಆಗದು. ಆದ್ದರಿಂದ ನಮಗೂ ಇಲ್ಲ. ಬೇಸಗೆಯಿಡೀ ನಾವು ಸೂರ್ಯನನ್ನು ಜರಡಿಯಲ್ಲಿ ಸೋಸಿದಂತೆ ನೋಡುತ್ತೇವೆ.

ಇಲ್ಲಿನ ಮಣ್ಣು ಜಿಗುಟು, ಕಲ್ಲು ಹೆಚ್ಚು. ಚಳಿ ಎಲುಬಿಗೆ ಇಳಿಯುತ್ತದೆ. ಹಾಗಾಗಿ ಇಲ್ಲಿನ ಬೇರು ಉದ್ದ ಬೆಳೆಯದೆ ಮೋಟಾಗುತ್ತದೆ, ಮೈಮೇಲೆ ಸುಕ್ಕು ಏಳುತ್ತದೆ, ಕಹಿ ಹಿಡಿಯುತ್ತದೆ. ಕೆನಡಾದ ಮರಳು ನೆಲದ್ದು ನುಣ್ಣಗೆ, ನೀಳವಾಗಿ ಇರುತ್ತದೆ. ಅದಕ್ಕೆ ಕಹಿ ಸಾಲದು ಎಂದು ಡ್ವೇನ್ ಮೂಗು ಮುರಿಯುತ್ತಾನೆ. ಮೋಟು, ಸುಕ್ಕು, ಕಹಿ. ಬೇರಿಗಾದರೆ ಅವು ಗುಣ. ಅದೇ ಮಣ್ಣಿನಲ್ಲಿ ಅದಕ್ಕಿಂತ ಹೆಚ್ಚು ವರ್ಷ ಮಂಡಿಯೂರಿದ ನನ್ನವ್ವ ಬ್ಲಿಯಾ ಕೂಡ ಮೋಟಾದಳು, ಸುಕ್ಕಾದಳು, ಕಹಿಯಾದಳು. ಅವಳ ಬೆಲೆ ಏರಲಿಲ್ಲ.

ಜುಲೈಯಲ್ಲಿ ಅವ್ವ ಬಿದ್ದಳು.

ತೋಟದ ಬಡಗಣ ತುದಿ, ಕಡೆಯ ಮಡಿ. ಒಬ್ಬಳೇ ಕಳೆ ಕೀಳುತ್ತಿದ್ದಳು. ನನ್ನನ್ನು ಅಂದು ಇನ್ನೊಂದು ತೋಟಕ್ಕೆ ಹುಲ್ಲು ಹೊರಲು ಕಳಿಸಿದ್ದರು. ಔಷಧಿ ಹೊಡೆಯುವ ಟ್ರ್ಯಾಕ್ಟರು ಅವಳ ಬೆನ್ನ ಹಿಂದಿನಿಂದ ಬಂತು. ಸಾಲಿನಲ್ಲಿ ಮನುಷ್ಯರಿದ್ದಾರೆಂದು ಓಡಿಸುವವನಿಗೆ ಯಾರೂ ಹೇಳಿರಲಿಲ್ಲ. ಅವ್ವ ಹೌಹಾರಿ ಪಕ್ಕಕ್ಕೆ ಹಾರಿದಳು. ಸೊಂಟ ಕಂಬಕ್ಕೆ ಬಡಿಯಿತು. ಕಾಲುವೆಗೆ ಬಿದ್ದಳು. ಔಷಧಿ ಅವಳ ಮೇಲೆಯೇ ಸುರಿಯಿತು. ಟ್ರ್ಯಾಕ್ಟರು ಮುಂದೆ ಹೋಯಿತು. ಸಂಜೆ ಬೂಟು ಬಿಚ್ಚುವ ಹೊತ್ತಿಗೆ ಒಂದು ಜೊತೆ ಚಪ್ಪಲಿ ಗೇಟಿನ ಹತ್ತಿರ ಹಾಗೇ ಉಳಿದದ್ದು ಕಂಡು ಹುಡುಕಿದರು.

"ಕೂಗಬೇಕಿತ್ತು ತಾನೇ?" ಎಂದ ಡ್ವೇನ್. ಅಷ್ಟೇ.

ಎಲುಬು ನೆಟ್ಟಗಿದೆ ಎಂದರು ಆಸ್ಪತ್ರೆಯವರು. ಎದೆ ನೆಟ್ಟಗಿದೆ, ತಲೆ ನೆಟ್ಟಗಿದೆ. ಮಾತ್ರೆ ಕೊಟ್ಟು ಕಳಿಸಿದರು. ಆದರೆ ಅವ್ವ ಕೂರಿಸಿದರೆ ಕೂತಳು, ಉಣ್ಣಿಸಿದರೆ ಉಂಡಳು. ಮಾತಿಲ್ಲ. ಕಣ್ಣು ನನ್ನ ಮೇಲೆ ಬಿದ್ದರೂ ನನ್ನನ್ನು ಹಾದು ಗೋಡೆಗೆ ಹೋಗುತ್ತಿತ್ತು. ಅಪ್ಪ ಸತ್ತ ಮೇಲೆ ಮನೆಯಲ್ಲಿ ನಾವಿಬ್ಬರೇ. ಜಿಗುಟಕ್ಕಿಯ ಅನ್ನ ಬೇಯಿಸಿ, ಮೆಣಸಿನಕಾಯಿ ಕುಟ್ಟಿ, ಎದುರಿಗಿಟ್ಟು ಮಾತಾಡುತ್ತಿದ್ದೆ. ಉತ್ತರವಿಲ್ಲದ ಮನೆಯಲ್ಲಿ ನನ್ನ ದನಿ ನನಗೇ ಅಸಹ್ಯವಾಗುತ್ತಿತ್ತು. ಒಬ್ಬನೇ ಇರುವ ಮನೆಯ ಒಂಟಿತನ ತಡೆಯಬಹುದು. ಇಬ್ಬರಿರುವ ಮನೆಯ ಒಂಟಿತನ ತಿಂದುಹಾಕುತ್ತದೆ.

ಅಪ್ಪನ ಅಕ್ಕ ಯೆರ್ ಅತ್ತೆ ನೋಡಿದಳು. ಅವಳು ನಮ್ಮ ಜೊತೆಯೇ ತೋಟದಲ್ಲಿ ದುಡಿಯುವವಳು. ನಮ್ಮ ಜನಕ್ಕೆ ಜೀವ ಕರೆಯುವವಳೂ ಅವಳೇ. ಅವ್ವನ ಮಣಿಕಟ್ಟು ಹಿಡಿದು ಬಹಳ ಹೊತ್ತು ಕೂತಳು.

"ಇವಳು ಇಲ್ಲಿಲ್ಲ ಕಣೋ ಯೆಂಗ್. ನೀನು ಮೈ ಮಾತ್ರ ಮನೆಗೆ ತಂದಿದ್ದೀಯ. ಹೆದರಿದಾಗ ಜೀವ ಬಿದ್ದುಹೋಗಿದೆ. ಬಿದ್ದ ಜಾಗದಲ್ಲೇ ಕೂತಿದೆ. ಅಲ್ಲಿಗೇ ಹೋಗಿ ಕರೀಬೇಕು."

"ಆ ಮಡೀನ ಈ ಸಲ ಅಗೀತಾರೆ ಅತ್ತೆ."

"ಅಗೆಯೋಕೆ ಮುಂಚೆ ಕರೀಬೇಕು. ಮಣ್ಣು ಬುಡಮೇಲಾದ ಮೇಲೆ ಅದಕ್ಕೆ ದಾರಿ ಹೆಂಗೆ ತಿಳಿಯುತ್ತೆ?"

ಜಿನ್ಸೆಂಗ್ ಒಂದು ನೆಲದಲ್ಲಿ ಒಂದೇ ಸಲ. ಅದೇ ನೆಲಕ್ಕೆ ಮತ್ತೆ ಬಿತ್ತಿದರೆ ಬೇರು ಕೊಳೆಯುತ್ತದೆ. ಅಜ್ಜ ಬೆಳೆದ ನೆಲದಲ್ಲಿ ಮೊಮ್ಮಗ ಬೆಳೆಯಲಾರ. ಅಗೆದದ್ದೇ ಕಂಬ ಕಿತ್ತು, ಬಲೆ ಸುತ್ತಿ, ನೆಲವನ್ನು ಹೈನಿನವರಿಗೆ ಜೋಳ ಬಿತ್ತಲು ಬಿಟ್ಟು ತೋಟ ಬೇರೆ ಕಡೆಗೆ ಎದ್ದು ಹೋಗುತ್ತದೆ. ಅವ್ವ ಬಿದ್ದ ಜಾಗ ಎನ್ನುವುದೇ ಭೂಮಿಯ ಮೇಲೆ ಇರುವುದಿಲ್ಲ.

ಅಗೆತ ಶುರುವಾಗುವ ಮುಂಚೆ ಡ್ವೇನ್ ಹತ್ತಿರ ಹೋದೆ. ತನ್ನ ಪಿಕಪ್ಪಿನಲ್ಲಿ ಕೂತು ಸಾಸೇಜು ತಿನ್ನುತ್ತಿದ್ದ. ಇಲ್ಲಿ ಧಣಿಯನ್ನು ಹೆಸರು ಹಿಡಿದು ಕರೆಯುತ್ತೇವೆ. ಅದರಿಂದ ಧಣಿಯೇನೂ ಚಿಕ್ಕವನಾಗುವುದಿಲ್ಲ.

"ಡ್ವೇನ್, ಅವ್ವನ್ನ ಆ ಮಡಿ ಹತ್ರ ಸ್ವಲ್ಪ ಹೊತ್ತು ಕರ್ಕೊಂಡು ಹೋಗ್ಬೇಕು. ಜೊತೆಗೆ ಅತ್ತೆ. ಒಂದು ಕೋಳಿ."

"ಕೋಳಿ? ನನ್ನ ತೋಟದೊಳಗೆ ಕೋಳಿ?"

"ಕೋಳಿ ಬೇಡ ಬಿಡು. ಮೊಟ್ಟೆ ಸಾಕು."

"ನೋಡು ಯೆಂಗ್, ನಿನ್ನ ಪೂಜೆ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರೆ ರೋಗ. ಹೊರಗಿನವರ ಬೂಟಲ್ಲಿ ಒಂದು ಚಿಟಿಕೆ ಮಣ್ಣು ಬಂದ್ರೆ ಕೊಳೆರೋಗ ಹತ್ತಿ ಇಡೀ ತೋಟ ಹೋಗುತ್ತೆ. ನಿನಗೆ ಗೊತ್ತು."

"ಅವ್ವ ಹೊರಗಿನವಳಾ?"

"ಈಗ ಕೆಲಸದಲ್ಲಿ ಇಲ್ವಲ್ಲ. ಅಂದ್ಮೇಲೆ ಹೊರಗಿನವಳೇ." ಬೆರಳು ನೆಕ್ಕಿಕೊಂಡ. "ಬೇಜಾರು ಮಾಡ್ಕೋಬೇಡ ಗೆಳೆಯಾ."

ಗೆಳೆಯಾ ಅಂದ. ಗಾಜು ಏರಿಸಿದ.

ಆಮೇಲೆ ಅಗೆತ ಶುರುವಾಯಿತು. ಯಂತ್ರ ಮಡಿಯನ್ನು ಎತ್ತಿ ಜಾಲಿಯ ಮೇಲೆ ಅಲುಗಿಸಿ ಹಿಂದಕ್ಕೆ ಚೆಲ್ಲುತ್ತದೆ. ನಾವು ಹಿಂದೆ ಬಗ್ಗಿಕೊಂಡು ಬೇರು ಆರಿಸಿ ಬಕೀಟಿಗೆ ತುಂಬುತ್ತೇವೆ. ಉಗುರಿನೊಳಗೆ ಮಣ್ಣು ಸೇರಿ ಉಗುರು ಮೇಲೇಳುತ್ತದೆ. ಅಕ್ಟೋಬರಿನ ಗಾಳಿಗೆ ಬೆರಳು ಮಡಚುವುದಿಲ್ಲ. ಮುಂಚೆ ನಾನು ಕಡೆಯ ಸಾಲನ್ನು ಕಾಯುತ್ತಿದ್ದೆ, ಅಲ್ಲಿಗೆ ಅಗೆತ ಮುಗಿಯುತ್ತದೆಂದು. ಈ ಸಲ ಪ್ರತಿ ಸಾಲು ಮುಗಿದಾಗಲೂ ಬಡಗಣ ತುದಿಗೆ ಇನ್ನೆಷ್ಟು ಮಡಿ ಉಳಿದಿದೆಯೆಂದು ಎಣಿಸುತ್ತಿದ್ದೆ. ಅವ್ವನನ್ನು ಒಬ್ಬಳನ್ನೇ ಮನೆಯಲ್ಲಿ ಬಿಡಲಾಗದೆ ದಿನವೂ ಕಾರಿನಲ್ಲಿ ಕರೆತಂದು ಗೇಟಿನಾಚೆ ರಸ್ತೆಬದಿಗೆ ನಿಲ್ಲಿಸುತ್ತಿದ್ದೆ. ಅವಳು ಕಿಟಕಿಯಿಂದ ತೋಟ ನೋಡುತ್ತಾ ಕೂತಿರುತ್ತಿದ್ದಳು. ಬಡಗಣ ತುದಿಯನ್ನೇ ನೋಡುತ್ತಿದ್ದಳು.

ವ್ಯಾಪಾರಿಗಳು ಬರುವ ದಿನಕ್ಕೆ ಬಡಗಣ ತುದಿಯ ಎರಡೇ ಮಡಿ ಉಳಿದಿದ್ದವು. ಅವರ ಕಣ್ಣ ಮುಂದೆ ಅಗೆಯಲೆಂದೇ ಉಳಿಸಿದ್ದು.

ಕೊಟ್ಟಿಗೆಯೊಳಗೆ ಹೋಗಿ ಕೂತೆವು. ತಟ್ಟೆಗಳಲ್ಲಿ ಬೇರು ಹರಡಿತ್ತು. ಬಿಸಿಗಾಳಿ ತಿರುಗುತ್ತಿತ್ತು. ಬೇರು ಒಣಗುತ್ತಿತ್ತು, ನಾವೂ ಒಣಗುತ್ತಿದ್ದೆವು. ಹಲಗೆಯ ಸಂದಿಗೆ ಕಣ್ಣಿಟ್ಟೆ. ಎರಡು ಕಾರು ಬಂದವು. ಉದ್ದ ಕೋಟಿನ ಮುದುಕಿಯೊಬ್ಬಳು ಇಳಿದಳು. ಹಿಂದೆ ಇಬ್ಬರು ಗಂಡಸರು. ಡ್ವೇನ್ ತಾನೇ ಬಗ್ಗಿ ಮುದುಕಿಯ ಬೂಟಿಗೆ ಪ್ಲಾಸ್ಟಿಕ್ ಚೀಲ ತೊಡಿಸಿದ. ಕೈ ಹಿಡಿದು ತೋಟದೊಳಗೆ ಕರೆದೊಯ್ದ. ಪೃಥ್ವಿಯ ಆಚೆ ಬದಿಯಿಂದ ಬಂದ ಬೂಟು ಒಳಗೆ ಹೋಯಿತು. ರೋಗ ಬರಲಿಲ್ಲ.

ಯಂತ್ರದ ಹಿಂದೆ ಡ್ವೇನ್‌ನ ಅಣ್ಣನ ಮಕ್ಕಳು ಇಬ್ಬರು, ಹೊಸ ಜಾಕೀಟು ತೊಟ್ಟು, ಹೊಸ ಬಕೀಟು ಹಿಡಿದು ನಿಂತಿದ್ದರು. ಹೊಂಬಣ್ಣದ ಕೂದಲು ಚಪ್ಪರದಡಿಯಲ್ಲೂ ಮಿರುಗುತ್ತಿತ್ತು. ಯಂತ್ರ ಹೊರಟಿತು. ಹುಡುಗರು ಬಗ್ಗಿದರು. ಫೋಟೋ ತೆಗೆದರು.

"ನೋಡ್ರೋ, ಮದುವೆ ಗಂಡುಗಳ ಹಂಗೆ ಬೇರು ಆರಿಸ್ತಾವೆ," ಎಂದು ಯಾರೋ ಕಿಸಕ್ಕೆಂದರು.

ಎರಡು ಮಡಿಗಳಲ್ಲಿ ಒಂದು ಹೋಯಿತು. ಯಂತ್ರ ತುದಿಗೆ ಹೋಗಿ ಹಿಂತಿರುಗತೊಡಗಿತು.

ನಾನು ಎದ್ದೆ.

"ಕೂತ್ಕೋ," ಎಂದ ವಾಮೆಂಗ್ ಚಿಕ್ಕಪ್ಪ.

"ಕೂರಲ್ಲ."

"ಯೆಂಗ್, ನಿನ್ನ ಕಾಲು ಹಿಡ್ಕೋತೀನಿ. ಇಪ್ಪತ್ತು ಜನರ ಅನ್ನ ಇದು."

"ಅನ್ನ ಅಲ್ಲ ಚಿಕ್ಕಪ್ಪಾ, ಎಂಜಲು. ಎಂಜಲನ್ನೂ ಬಾಗಿಲು ಹಾಕ್ಕೊಂಡು ತಿನ್ನು ಅಂತಾನೆ."

"ನೀನೊಬ್ಬ ಎದ್ದು ನಿಂತ್ರೆ ಬೆಟ್ಟ ಬೀಳುತ್ತಾ?"

"ಬೀಳೋದು ಬೇಡ. ನನ್ನ ಅವ್ವ ಎದ್ರೆ ಸಾಕು."

ಯೆರ್ ಅತ್ತೆಯ ಕಡೆ ತಿರುಗಿದೆ. ಮೊಟ್ಟೆ, ಅಕ್ಕಿ, ಊದುಬತ್ತಿ ಅವಳ ಚೀಲದಲ್ಲೇ ಇದ್ದವು. ದಿನವೂ ಹೊತ್ತು ತರುತ್ತಿದ್ದಳು, ಡ್ವೇನ್ ಮನಸ್ಸು ಕರಗೀತೆಂದು. "ಏಳು ಅತ್ತೆ," ಎಂದೆ.

ಅತ್ತೆ ಚೀಲ ತೆಗೆದಳು. ಏಳಲಿಲ್ಲ. ಚೀಲವನ್ನು ನನ್ನ ಕಡೆಗೆ ತಳ್ಳಿದಳು.

"ನನ್ನ ಮಗಳೂ ಇಲ್ಲೇ ದುಡೀತಾಳೆ ಕಣೋ. ಅಳಿಯನೂ ಇಲ್ಲೇ. ನೀನೇ ಕರಿ. ಹೊಟ್ಟೇಲಿ ಹುಟ್ಟಿದವನು ನೀನು."

"ನನಗೆ ಮಂತ್ರ ಬರಲ್ಲ."

"ಬಂದಷ್ಟು ಕರಿ. ಶುರು ಮಾಡಿದ ಮೇಲೆ ಮಾತ್ರ ಇನ್ಯಾರ ಜೊತೆಗೂ ಮಾತಾಡ್ಬೇಡ. ದೇವರೇ ಬಂದು ಕೇಳಿದ್ರೂ ತಿರುಗಬೇಡ. ಮಾತು ಮುರಿದ್ರೆ ಜೀವ ದಾರಿ ತಪ್ಪುತ್ತೆ."

ನಾನು ಬಾಗಿಲು ತೆರೆದೆ. ಹಿಂದಿನಿಂದ ಯಾರೋ ಅದನ್ನು ತಕ್ಷಣ ಮುಚ್ಚಿದರು. ಚಿಲಕ ಬಿದ್ದ ಸದ್ದು ಕೇಳಿಸಿತು. ಆ ಸದ್ದು ನನ್ನನ್ನು ಡ್ವೇನ್‌ನ ಮಾತಿಗಿಂತ ಹೆಚ್ಚು ನೋಯಿಸಿತು.

ಕಾರಿನಿಂದ ಅವ್ವನನ್ನು ಇಳಿಸಿದೆ. ರಟ್ಟೆ ಹಿಡಿದೆ. ಎಳೆಯುವುದು ಬೇಕಾಗಲಿಲ್ಲ. ಗೇಟು ತೆರೆದೆ. ಬೂಟು ಒರೆಸಲಿಲ್ಲ.

ಅಗೆದ ಮಡಿಗಳ ಮೇಲೆ ನಡೆದೆವು. ಕಾಲು ಹೂತುಹೋಗುತ್ತಿತ್ತು. ಮೊದಲು ನೋಡಿದವನು ಯಂತ್ರ ಓಡಿಸುವವನು. ಅವನು ಬ್ರೇಕು ಹಾಕಿದ. ಯಂತ್ರ ಕಡೆಯ ಮಡಿಯ ಬಾಯಲ್ಲಿ ನಿಂತಿತು. ನಾನು ಅದರ ಮುಂದೆ ಮಂಡಿಯೂರಿದೆ. ಅವ್ವನನ್ನು ಕಾಲುವೆಯ ಅಂಚಿಗೆ ಕೂರಿಸಿದೆ. ಅವಳ ಸೊಂಟ ಬಡಿದ ಕಂಬ ಅದೇ. ಅಕ್ಕಿಯ ಬಟ್ಟಲಲ್ಲಿ ಮೊಟ್ಟೆ ನಿಲ್ಲಿಸಿದೆ. ಊದುಬತ್ತಿ ಹಚ್ಚಿದೆ. ಗಾಳಿಗೆ ಎರಡು ಸಲ ಆರಿತು, ಮತ್ತೆ ಹಚ್ಚಿದೆ.

"ಏಯ್! ಏಯ್!" ಡ್ವೇನ್ ಓಡಿಬಂದ. ದನಿ ಇಳಿಸಿ ಹಲ್ಲು ಕಚ್ಚಿದ. "ತಲೆ ಕೆಟ್ಟಿದೆಯಾ ನಿನಗೆ? ಎದ್ದೇಳು. ಈಗಲೇ."

ನಾನು ಕರೆಯಲು ಶುರು ಮಾಡಿದೆ.

"ಬಾ ಬ್ಲಿಯಾ. ತಾವೊ ಮನೆತನದ ಮಗಳೇ, ಖಾಂಗ್ ಮನೆಗೆ ಬಂದವಳೇ, ಬಾ. ಈ ಕಪ್ಪು ಚಪ್ಪರದಡಿ ಕೂರಬೇಡ."

ಮುದುಕಿ ಹತ್ತಿರ ಬಂದಳು. ಅವಳ ಪ್ಲಾಸ್ಟಿಕ್ ಚೀಲ ಸರಬರ ಎಂದಿತು. "ಯಾರಿವರು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಯಾರೋ ದಾರಿಹೋಕರು ಮೇಡಂ. ಈ ಕಡೆ ಬನ್ನಿ."

"ದಾರಿಹೋಕನ ಮಂಡಿ ನೋಡಿ. ನಿಮ್ಮ ಮಣ್ಣೇ ಅಲ್ಲವಾ ಅದು?"

ನನ್ನ ಪ್ಯಾಂಟಿನ ಮಂಡಿಗೆ ಅವ್ವ ಹೊಲಿದ ಎರಡು ಪದರ ತೇಪೆ. ಮಣ್ಣು ಹತ್ತಿ ಹತ್ತಿ ತೊಗಲಿನಂತಾಗಿತ್ತು. ಆ ಹುಡುಗರ ಮಂಡಿ ಇಸ್ತ್ರಿ ಹಾಕಿದಂತಿತ್ತು. ಮುದುಕಿ ಎರಡನ್ನೂ ನೋಡಿದಳು. ಆಮೇಲೆ ನನಗೆ ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಒಂದಕ್ಷರ ತಿಳಿಯಲಿಲ್ಲ. ತಿಳಿದರೂ ಹೇಳುವಂತಿರಲಿಲ್ಲ.

"ಹುಲ್ಲಿನಡಿ ಮಲಗಬೇಡ. ಟ್ರ್ಯಾಕ್ಟರು ಹೋಯಿತು, ಎದ್ದು ಬಾ."

"ನಿಮ್ಮ ಮನೆಯವರೇ ಬೆಳೆಯುತ್ತಾರೆ ಎಂದಿರಿ," ಮುದುಕಿಯ ದನಿ ತಣ್ಣಗಿತ್ತು. "ಇವನನ್ನು ಯಾಕೆ ಮುಚ್ಚಿಟ್ಟಿರಿ? ಮನುಷ್ಯರನ್ನು ಮುಚ್ಚಿಡುವವರು ಮಾಲನ್ನು ಎಲ್ಲೆಲ್ಲಿಂದ ತಂದು ಮುಚ್ಚಿಟ್ಟಿರಬಹುದು?"

"ಇಲ್ಲ ಇಲ್ಲ ಮೇಡಂ, ಹಾಗಲ್ಲ..." ಡ್ವೇನ್ ನನ್ನ ಪಕ್ಕ ಕುಕ್ಕರಿಸಿದ. ಅವನು ಆ ನೆಲದ ಮೇಲೆ ಅಷ್ಟು ಕೆಳಗೆ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ. ಅವನ ಬೆವರಿನ ವಾಸನೆ ಬಂತು. "ಯೆಂಗ್, ಹೇಳಪ್ಪಾ ಇವರಿಗೆ. ಈ ಬೇರು ಇಲ್ಲೇ ಬಿತ್ತಿದ್ದು, ಇಲ್ಲೇ ಅಗೆದದ್ದು ಅಂತ. ನೀನೇ ಬಿತ್ತಿದ್ದು ಅಂತ ಹೇಳು. ಒಂದು ಮಾತು. ಎಷ್ಟು ಹೊತ್ತು ಬೇಕಾದ್ರೂ ಪೂಜೆ ಮಾಡ್ಕೋ ಆಮೇಲೆ."

ಬೆಳಿಗ್ಗೆ ಯಾವ ಮುಖದಿಂದ ಬೆಲೆ ಬೀಳುತ್ತಿತ್ತೋ ಅದೇ ಮುಖ ಈಗ ಸಾಕ್ಷಿಗೆ ಬೇಕು. ಒಂದು ಮಾತಿನಿಂದ ಅವನನ್ನು ಉಳಿಸಬಹುದಿತ್ತು. ಒಂದು ಸುಳ್ಳಿನಿಂದ ಮುಳುಗಿಸಬಹುದಿತ್ತು. ನಾಲಿಗೆಯ ಮೇಲೆ ಎರಡೂ ಬಂದವು. ಎರಡನ್ನೂ ನುಂಗಿದೆ. ನನ್ನ ಬಾಯಿ ಅಂದು ಅವನ ಕೂಲಿಯದಾಗಿರಲಿಲ್ಲ.

"ಬೇರಿನ ಜೊತೆ ಹೋಗಿ ನಮ್ಮಿಂದ ಬೇರಾಗಬೇಡ. ಬಕೀಟಿಗೆ ಬೀಳಬೇಡ. ಪೀಪಾಯಿಯಲ್ಲಿ ಕೂತು ಹಡಗು ಹತ್ತಬೇಡ. ಗೊತ್ತಿಲ್ಲದವರ ಸೂಪಿನಲ್ಲಿ ಕುದಿಯಬೇಡ. ಬಾ ಬ್ಲಿಯಾ, ಮನೆಗೆ ಬಾ."

"ಯೆಂಗ್! ಮಾತಾಡೋ!"

"ಬಾ. ಮನೆಗೆ ಬಾ."

"ನಾಳೆಯಿಂದ ಈ ಗೇಟಿನ ಹತ್ತಿರ ಕಾಲಿಟ್ಟೀಯ ಜೋಕೆ!"

"ಮನೆಗೆ ಬಾ."

ಡ್ವೇನ್ ಎದ್ದ. ಮುದುಕಿ ಆಗಲೇ ಗೇಟಿನ ಕಡೆ ನಡೆಯುತ್ತಿದ್ದಳು. ಅವನು ಹಿಂದೆ ಓಡಿದ. ಅವರ ವ್ಯಾಪಾರ ಏನಾಯಿತೋ ನನಗೆ ಗೊತ್ತಿಲ್ಲ. ಗೊತ್ತಾಗಬೇಕಿಲ್ಲ.

ನಾನು ಮೊಟ್ಟೆಯನ್ನು ಅವ್ವನ ಅಂಗೈಯಲ್ಲಿಟ್ಟು ಬೆರಳು ಮಡಚಿದೆ. ಎಬ್ಬಿಸಿದೆ. ಗೇಟಿನವರೆಗೂ ಕರೆಯುತ್ತಲೇ ನಡೆದೆ. ಕೊಟ್ಟಿಗೆಯ ಮುಂದೆ ಹಾದೆವು. ಹಲಗೆಯ ಸಂದಿಗಳಲ್ಲಿ ಕಣ್ಣುಗಳಿದ್ದವು. ಬಾಗಿಲು ತೆರೆಯಲಿಲ್ಲ. ನಾವು ಗೇಟು ದಾಟಿದ ಮೇಲೆ ಯಂತ್ರ ಮತ್ತೆ ಗುರುಗುಟ್ಟಿತು. ಕಡೆಯ ಮಡಿ ಅಗೆಯುವ ಸದ್ದು ರಸ್ತೆಯವರೆಗೂ ಬಂತು. ನಾನು ದನಿ ಎತ್ತರಿಸಿದೆ. ದಾರಿಯುದ್ದಕ್ಕೂ ಕಾರಿನ ಕಿಟಕಿ ತೆರೆದಿಟ್ಟು ಕರೆದೆ. ಚರ್ಚಿನ ಮುಂದೆ, ಸಿಗ್ನಲ್ಲಿನಲ್ಲಿ, ಸೇತುವೆಯ ಮೇಲೆ. ಪಕ್ಕದ ಕಾರಿನವರು ನೋಡಿದರು. ನೋಡಲಿ.

ಮನೆಯ ಬಾಗಿಲಲ್ಲಿ ಇನ್ನೊಂದು ಕೆಲಸವಿದೆ. ಹೊರಗಿನವನು "ಬಂದಳಾ?" ಎಂದು ಕೇಳಬೇಕು. ಒಳಗಿನವರು "ಬಂದಳು" ಎನ್ನಬೇಕು. ಒಳಗಿನ ದನಿ ಕೇಳಿದರೆ ತಾನೇ ಜೀವಕ್ಕೆ ಇದು ತನ್ನ ಮನೆಯೆಂದು ತಿಳಿಯುವುದು? ನಮ್ಮ ಮನೆಯೊಳಗೆ ಯಾರಿದ್ದಾರೆ? ಇರಬೇಕಾದವರೆಲ್ಲ ಚಿಲಕ ಹಾಕಿಕೊಂಡು ಕೂತಿದ್ದಾರೆ.

ಅವ್ವನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದೆ. ಬಾಗಿಲು ಅಗಲಕ್ಕೆ ತೆರೆದೆ.

"ಬಂದಳಾ?" ಎಂದೆ.

ಒಳಗೆ ಫ್ರಿಜ್ಜಿನ ಸದ್ದು.

ಓಡಿ ಒಳಗೆ ಹೋದೆ. "ಬಂದಳು!" ಎಂದೆ. ಹೊರಗೆ ಬಂದೆ. "ಬಂದಳಾ?" ಮತ್ತೆ ಒಳಗೆ ಓಡಿದೆ. "ಬಂದಳು!" ಒಳಗೂ ನಾನೇ, ಹೊರಗೂ ನಾನೇ. ಇಡೀ ಕುಲದ ಕೆಲಸವನ್ನು ಒಬ್ಬನೇ ಮಾಡುತ್ತಿದ್ದೆ. ಸಿಟ್ಟು ಏರುತ್ತಾ ಹೋಯಿತು. ಚಿಕ್ಕಪ್ಪನ ಮೇಲೆ, ಅತ್ತೆಯ ಮೇಲೆ, ಪ್ಲಾಸ್ಟಿಕ್ ಚೀಲ ತೊಟ್ಟ ಬೂಟುಗಳ ಮೇಲೆ, ಗೆಳೆಯಾ ಎಂಬ ಮಾತಿನ ಮೇಲೆ. "ಬಂದಳಾ! ಬಂದಳು! ಬಂದಳಾ!" ಗೋಡೆ ಗುದ್ದಿದೆ. ಗಂಟಲು ಹರಿಯಿತು.

"ಯಾಕೋ ಹಂಗೆ ಅರಚ್ತೀಯ?"

ನಾನು ನಿಂತೆ. ಅವ್ವ ಮೆಟ್ಟಿಲ ಮೇಲೆಯೇ ಇದ್ದಳು. ಮೊಟ್ಟೆ ಎದೆಗೆ ಒತ್ತಿ ಹಿಡಿದಿದ್ದಳು. ಅವಳ ಕಣ್ಣು ಗೋಡೆಯ ಮೇಲಿರಲಿಲ್ಲ. ನನ್ನ ಮೇಲಿತ್ತು.

"ಬೈದಂಗೆ ಕರೆದ್ರೆ ಯಾರು ಒಳಗೆ ಬರ್ತಾರೆ?" ದನಿ ತುಕ್ಕು ಹಿಡಿದ ಹಾಗಿತ್ತು. "ಮೆತ್ತಗೆ ಕರಿ."

ಬಾಯಿ ತೆರೆದೆ. ಮೆತ್ತನೆಯ ದನಿ ಹುಡುಕಿದೆ. ನನ್ನ ಗಂಟಲಲ್ಲಿ ಅದು ಇರಲಿಲ್ಲ. ಇದ್ದದ್ದೆಲ್ಲ ಕೂಗು. ಮತ್ತೆ ಹುಡುಕಿದೆ. ಅವ್ವ ಹೊಸ್ತಿಲಾಚೆ ಚಳಿಯಲ್ಲಿ ನಿಂತಿದ್ದಳು. ನಾನು ಬಾಗಿಲ ಬಳಿ ನೆಲದ ಮೇಲೆ ಕೂತೆ. ದನಿಯನ್ನೇ ಬಿಟ್ಟು ಬರೀ ಉಸಿರಿನಲ್ಲಿ ಕರೆದೆ.

"ಬಾರವ್ವಾ."

ಅವಳು ಒಂದು ಕಾಲು ಒಳಗಿಟ್ಟಳು. ಇನ್ನೊಂದು ಹೊರಗೇ ಇತ್ತು.

ಮತ್ತೆ ಕರೆದೆ.